ತುಕ್ಕಿನ ಹಾಜರಿ

ಮೂವತ್ತೊಂದು ವರ್ಷ ಕಾಫಿ ತೋಟದ ರೈಟರ್ ನಾನು.
ಬರೆದದ್ದು ಹಾಜರಿ ಪುಸ್ತಕ, ಕೂಲಿ ಲೆಕ್ಕ,
ಮೈಲುತುತ್ತ ಎಷ್ಟು ಕಿಲೋ, ಸುಣ್ಣ ಎಷ್ಟು ಚೀಲ.
ಎಲೆಯ ಬೆನ್ನಲ್ಲಿ ಕಿತ್ತಳೆ ಹುಡಿ ಕಂಡ ದಿನ
ಸಾಹುಕಾರರ ಜೀಪಿಗಿಂತ ಮೊದಲು ಓಡಿದವನು,
ಡ್ರಮ್ಮಿನಲ್ಲಿ ನೀಲಿ ಕಲಸಿ, ಆಳುಗಳ ಬೆನ್ನಿಗೆ ಪಂಪು ಏರಿಸಿ.
ಈಗಲೂ ನನ್ನ ಉಗುರಿನ ಬುಡದಲ್ಲಿ
ಸೋಪಿಗೆ ಸಿಗದ ಒಂದು ಗೆರೆ ನೀಲಿ.

ಕೆಲಸ ಬಿಟ್ಟ ಮೇಲೆ ಸಿಕ್ಕ ಕೆಲಸ ನೋಡಿ:
ತುಕ್ಕು ಸಾಕುವುದು.

ಗಾಳಿಬೀಡು. ಪಾಳು ಬಿದ್ದ ಗದ್ದೆಯ ಮೇಲಿನ ಮಡಿ.
ನಾನೂರು ಸಾಲು ಗೋಧಿ.
ಧಾರವಾಡದ ನೀಲಗಂಗಾ ಮೇಡಂ
ಅಂಗೈಯಲ್ಲಿ ಮಂಜು ಹಿಡಿದು ನೋಡಿ ಅಂದರು:
"ನಮ್ಮ ಕಡೆ ಐದು ವರ್ಷಕ್ಕೊಮ್ಮೆ ಬರೋ ರೋಗ
ಇಲ್ಲೆ ದಿನಾ ಮುಂಜಾನೆ ಬರತೈತಿ. ಅದಕ್ಕ ಬಂದೀವಿ."

ಗೋಧಿ ಎಂದರೆ ನಮಗೆ ಸೊಸೈಟಿಯ ಚೀಲ, ಅಷ್ಟೇ.
ಕಡಂಬುಟ್ಟು ತಿಂದು ಬೆಳೆದ ಊರು ಇದು.
ಪುತ್ತರಿಯ ಬೆಳದಿಂಗಳಲ್ಲಿ ಕದಿರು ಕೊಯ್ದ ಕೈ
ಈ ಮೀಸೆಯ ತೆನೆಯನ್ನು ಹಿಡಿಯಲು ತಿಳಿಯದೆ
ಮೊದಲ ವಾರ ಬೆಕ್ಕಿನ ಬಾಲದಂತೆ ಸವರುತ್ತಿತ್ತು.

ಒಂದು ಸಂಜೆ ಪೊಟ್ಟಣ ಬಿಚ್ಚಿದರು. ಅದೇ ಬಣ್ಣ.
ನೀರಿಗೆ ಕಲಸಿ, ಅದೇ ಪಂಪಿಗೆ ತುಂಬಿ
"ಹೊಡೀರಿ, ರೈಟ್ರೇ" ಎಂದರು.
ಹ್ಯಾಂಡಲು ಒತ್ತಲು ಕೈ ಬರಲಿಲ್ಲ.
ಬೇಲಿಯಾಚೆಯಿಂದ ಉತ್ತಯ್ಯ ಗದರಿದ:
"ಆ ಪೀಡೆ ನನ್ನ ಕಾಫಿಗೆ ಹತ್ತಿದರೆ ಕೋವಿ ತರ್ತೇನೆ!"
ಮೇಡಂ ನಕ್ಕರು: ಇದರ ತುಕ್ಕು ಬೇರೆ, ಅದರದು ಬೇರೆ,
ಒಂದೊಂದಕ್ಕೂ ಒಂದೊಂದು ಮನೆಯ ಊಟವೇ ಆಗಬೇಕು.
ಉತ್ತಯ್ಯ ನಂಬಲಿಲ್ಲ.
ನಾನೂ, ನಿಜ ಹೇಳಬೇಕೆಂದರೆ.

ಹದಿನೈದನೇ ದಿನ ಸಾಲುಗಳು ಉರಿದವು.
ಪ್ಯಾಂಟಿನ ಮೊಣಕಾಲವರೆಗೂ ಕಾವಿ.
ಅವರು ಕೂಗಿದರು, ನಾನು ಬರೆದೆ:
ಅರವತ್ತು, ಎಂಬತ್ತು, ಎಂಬತ್ತು, ತೊಂಬತ್ತು,
ಸತ್ತದ್ದು, ಎಂಬತ್ತು.
ಇನ್ನೂರ ಹದಿನೇಳನೇ ಸಾಲಿಗೆ ಬಂದಾಗ ಸುಮ್ಮನಾದರು.
ಸುತ್ತ ಊರೆಲ್ಲ ಜ್ವರ ಬಂದು ಮಲಗಿರುವಾಗ
ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತ ನಿಂತವನ ಹಾಗೆ
ಒಂದು ಗಿಡ, ಹಸಿರಾಗಿ.

ನಾನು ಟೋಪಿ ತೆಗೆದೆ.
ಅವರು ತೆನೆ ಉಜ್ಜಿ ಊದಿ ತೋರಿಸಿದರು:
ಅಂಗೈಯಲ್ಲಿ ಜೀರಿಗೆಯಂಥ ಎಂಟು ಕಾಳು.
"ಬದುಕೂದು ಗೊತ್ತೈತಿ ಇದಕ್ಕ. ಉಣಿಸೂದು ಗೊತ್ತಿಲ್ಲ."

ಉಣಿಸಬಲ್ಲ ತಾಯಿ ಬೇರೆ ಕುಂಡದಲ್ಲಿತ್ತು,
ಕುಳ್ಳಿ, ತುಂಬುತೆನೆಯವಳು,
ತುಕ್ಕು ಉಸಿರು ಬಿಟ್ಟರೂ ಬೀಳುವವಳು.
ಕಾಫಿ ಹಣ್ಣಿಗೆ ಪಳಗಿದ ಬೊಳ್ಚಿಯ ಬೆರಳಿಗೆ ಚಿಮುಟ ಕೊಟ್ಟರು.
ಹೂವಿಗೆ ಮೂರರಂತೆ ಹಸಿ ಕೇಸರಗಳನ್ನು
ಕಣ್ಣಿನ ಕಸ ತೆಗೆಯುವ ಹಾಗೆ ತೆಗೆದಳು,
ಕಾಗದದ ಮುಸುಕು ಹಾಕಿ ಗುಂಡುಪಿನ್ನು ಚುಚ್ಚಿದಳು.
ಮೂರನೇ ದಿನ ಮುಸುಕು ಸರಿಸಿ
ಇನ್ನೂರ ಹದಿನೇಳರ ಹಳದಿ ಹುಡಿ ಉದುರಿಸುವಾಗ ಕೇಳಿದಳು:
"ಹುಡುಗ ಹಿಡಿಸಿದನಾ ಅಂತ ಇವಳನ್ನು ಕೇಳಿದೀರಾ ರೈಟ್ರೇ?"
ಆ ಕಾಲಂ ಪುಸ್ತಕದಲ್ಲಿ ಇರಲಿಲ್ಲ.

ಮೂವತ್ತು ಹೂವಿಗೆ ಹನ್ನೊಂದು ಕಾಳು ಕಟ್ಟಿತು.

ಇವುಗಳ ಮಕ್ಕಳು, ಅವುಗಳ ಮಕ್ಕಳು,
ಪ್ರತಿ ತಲೆಗೂ ಒಮ್ಮೆ ಇಲ್ಲಿಗೆ ಬಂದು ಕಾಯಿಲೆ ಬಿದ್ದು
ಏಳದವರನ್ನು ಬಿಟ್ಟು, ಎದ್ದವರನ್ನು ಆರಿಸಿ,
ವಿಜಯಪುರದ ಎರೆಹೊಲ ಮುಟ್ಟಲು ಹನ್ನೆರಡು ವರ್ಷವಂತೆ.
ಅಷ್ಟರಲ್ಲಿ ತುಕ್ಕೂ ವೇಷ ಬದಲಿಸಬಹುದಂತೆ.
ನನಗೀಗ ಅರವತ್ತಮೂರು.
ಕೂಡಿಸಲು ಹೋಗಿ ಪೆನ್ನಿನ ಮುಚ್ಚಳ ಹಾಕಿದೆ.

ಲಕೋಟೆ ಅಂಟಿಸುವ ಮೊದಲು ಒಂದು ತಪ್ಪು ಮಾಡಿದೆ,
ಅಭ್ಯಾಸಬಲ. ಮೇಡಂ ಕೊಟ್ಟ ಪುಸ್ತಕ ಬಿಟ್ಟು
ಹಳೆಯ ತೋಟದ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ:
ಆಳು ಹನ್ನೊಂದು. ಎಲ್ಲರೂ ಹಾಜರು.
ಕೂಲಿಯ ಕಾಲಂ ಖಾಲಿ ಬಿಟ್ಟಿದ್ದೇನೆ.
ಅದನ್ನು ತುಂಬುವ ರೈಟರ್
ಇನ್ನೂ ಸ್ಲೇಟು ಹಿಡಿದಿರಬಹುದು, ಎಲ್ಲೋ.